ಫ್ಲೈ ಕಟ್ಟುವ ಆಸೆಯೇ ಬತ್ತಿಹೋಗಿದೆ, ನಿಮಗೂ ಹೀಗಾಗಿತ್ತಾ?

ಕೇಳಿದವರು, ಸ್ಟೇಟ್ ಕಾಲೇಜ್, ಪೆನ್ಸಿಲ್ವೇನಿಯಾ:
ಒಂಬತ್ತು ವರ್ಷದಿಂದ ಟ್ರೌಟ್ ಮೀನಿಗೆ ಫ್ಲೈ, ಅಂದರೆ ಕೊಕ್ಕೆಗೆ ದಾರ, ಗರಿ ಸುತ್ತಿ ಮಾಡುವ ಹುಳದಂಥ ಗಾಳ, ಕಟ್ಟುತ್ತಿದ್ದೇನೆ. ಈ ಸಲ ಅಕ್ಟೋಬರ್‌ನಿಂದ ಒಂದೂ ಕಟ್ಟಿಲ್ಲ. ವೈಸ್ (ಕೊಕ್ಕೆ ಹಿಡಿದುಕೊಳ್ಳುವ ಇಕ್ಕಳ) ಮುಂದೆ ಕೂರುತ್ತೇನೆ, ಕೊಕ್ಕೆ ಸಿಕ್ಕಿಸುತ್ತೇನೆ, ದಾರ ನಾಲ್ಕು ಸುತ್ತು ಸುತ್ತಿ ಎದ್ದುಬಿಡುತ್ತೇನೆ. ಮೇ ತಿಂಗಳಲ್ಲಿ ಇಲ್ಲಿನ ಸ್ಪ್ರಿಂಗ್ ಕ್ರೀಕ್ ಹೊಳೆಯಲ್ಲಿ, ಟ್ರೌಟ್ ತಿನ್ನುವ ಹಳದಿ ಸಲ್ಫರ್ ಹುಳ ನೀರಿನಿಂದ ಏಳುತ್ತವೆ. ಅವುಗಳಂಥ ಫ್ಲೈ, 16ನೇ ಸೈಜಿನ ಕೊಕ್ಕೆಯವು, ಎರಡು ಡಜನ್ ಆದರೂ ಬೇಕು. ನೀವೆಲ್ಲ ಮತ್ತೆ ಹೇಗೆ ಶುರು ಮಾಡಿದಿರಿ?

ಡೆನ್ವರ್‌ನಿಂದ:
ನನ್ನ ಆಸೆಯನ್ನು ತಿಂದು ಹಾಕಿದ್ದು ಹುಳು. 2011ರಲ್ಲಿ ಹುಡುಗಿಯರು ತಲೆಗೂದಲಿಗೆ ಹುಂಜದ ಗರಿ ಸೇರಿಸಿಕೊಳ್ಳುವ ಫ್ಯಾಷನ್ ಬಂತಲ್ಲ, ಆಗ ಅಂಗಡಿಗಳಲ್ಲಿ ಫ್ಲೈಗೆ ಬೇಕಾದ ಸ್ಯಾಡಲ್ ಹ್ಯಾಕಲ್, ಅಂದರೆ ಹುಂಜದ ಬೆನ್ನಿನ ಉದ್ದ ಗರಿ, ಸಿಗುವುದೇ ಕಷ್ಟವಾಯಿತು. ಗ್ರಿಜ್ಲಿ, ಅಂದರೆ ಕಪ್ಪು-ಬಿಳಿ ಪಟ್ಟೆಯ, ಸ್ಯಾಡಲ್ ಒಂದಕ್ಕೆ 240 ಡಾಲರ್ ಕೊಟ್ಟೆ. ಕಂದು ಕೇಪ್‌ಗೆ, ಅಂದರೆ ಗರಿಸಹಿತ ಕುತ್ತಿಗೆ ಚರ್ಮಕ್ಕೆ, 95. ಆಡಮ್ಸ್ ಅನ್ನುವ ಫ್ಲೈ ಕಟ್ಟಲು ಎರಡೂ ಬೇಕು, ಬೇರೆ ದಾರಿ ಇರಲಿಲ್ಲ. ಆಮೇಲೆ ಗೆಳೆಯನೊಬ್ಬ ಬೇಟೆಯಾಡಿದ ಫೆಸೆಂಟ್ ಹಕ್ಕಿಯ ಚರ್ಮ ಕೊಟ್ಟ. ಅದನ್ನೂ ಆ ಗರಿಗಳ ಡಬ್ಬಿಗೇ ಹಾಕಿದೆ. ಮೂರು ತಿಂಗಳ ಮೇಲೆ ಮುಚ್ಚಳ ತೆಗೆದರೆ ಗರಿಗಳೆಲ್ಲ ಬುಡದಲ್ಲಿ ಕತ್ತರಿಸಿ ಬಿದ್ದಿವೆ, ಕೆಳಗೆ ಪುಡಿ, ಗರಿ ತಿನ್ನುವ ರೋಮದ ಹುಳುಗಳ ಪೊರೆ. ಲೆಕ್ಕ ಹಾಕಿದೆ, 612 ಡಾಲರ್ ಹೋಯಿತು. ಎರಡು ವರ್ಷ ವೈಸ್ ಮುಟ್ಟಲಿಲ್ಲ.

ಮತ್ತೆ ಕೂತಿದ್ದು ಜೀಬ್ರಾ ಮಿಡ್ಜ್ ಅನ್ನುವ ಸರಳ ಫ್ಲೈನಿಂದ. ದಾರ, ಸಣ್ಣ ತಂತಿ, ಒಂದು ಮಣಿ, ಅಷ್ಟೇ. ಗರಿಯೇ ಬೇಡ. ಸೌತ್ ಪ್ಲಾಟ್ ನದಿಯಲ್ಲಿ 22ನೇ ಸೈಜಿನ ಪುಟ್ಟದಕ್ಕೆ ಮೀನು ಬಂದ ದಿನ ಮನೆಗೆ ಬಂದು ರಾತ್ರಿ ಹನ್ನೆರಡರವರೆಗೆ ಕಟ್ಟಿದೆ. ಈಗ ಮನೆಗೆ ಬರುವ ಪ್ರತಿ ಗರಿಯೂ ಮೊದಲು ಜಿಪ್ ಚೀಲದಲ್ಲಿ ಫ್ರೀಜರ್‌ಗೆ ಹೋಗುತ್ತದೆ. ಎರಡು ವಾರ ಒಳಗೆ, ಎರಡು ದಿನ ಹೊರಗೆ, ಮತ್ತೆ ಎರಡು ವಾರ ಒಳಗೆ.

ನ್ಯೂಜೆರ್ಸಿಯಿಂದ:
ಆಸೆ ಇಲ್ಲದಿದ್ದರೆ ಕೊಂಡುಕೊಳ್ಳಿ. ಅಂಗಡಿಯಲ್ಲಿ ಒಂದು ಫ್ಲೈ ಮೂರು ಡಾಲರ್. ನಾನು ವೈಸ್ ಮಾರಿ ನಾಲ್ಕು ವರ್ಷವಾಯಿತು, ನದಿಯಲ್ಲಿ ಇರುವ ಹೊತ್ತು ಜಾಸ್ತಿಯಾಗಿದೆ. 612 ಡಾಲರ್‌ಗೆ ಇನ್ನೂರು ಫ್ಲೈ ಬರುತ್ತಿತ್ತು.

ಡೆನ್ವರ್‌ನಿಂದ:
ಲೆಕ್ಕ ನನಗೂ ಬರುತ್ತದೆ. ನಾನೇ ಕಟ್ಟಿದ್ದಕ್ಕೆ ಮೀನು ಬಾಯಿ ಹಾಕುವುದಕ್ಕೂ ಕೊಂಡದ್ದಕ್ಕೆ ಹಾಕುವುದಕ್ಕೂ ಏನು ವ್ಯತ್ಯಾಸ ಅಂತ ವೈಸ್ ಮಾರಿದವರಿಗೆ ನಾನು ಹೇಗೆ ಹೇಳಲಿ?

ರೆಡಿಂಗ್, ಇಂಗ್ಲೆಂಡ್‌ನಿಂದ:
ನನಗೆ ಕೈಕೊಟ್ಟಿದ್ದು ಕಣ್ಣು. ಐವತ್ತೆರಡಕ್ಕೆ ಕೊಕ್ಕೆಯ ತೂತೇ ಕಾಣದಾಯಿತು. ದೀಪವಿರುವ ಭೂತಗನ್ನಡಿಗೆ 70 ಪೌಂಡ್ ಹಾಕಿದೆ, ತಲೆನೋವು ಬಂತು. ಕೊನೆಗೆ ಫ್ರಾಂಕ್ ಸಾಯರ್ ದಾರಿ ಹಿಡಿದೆ. ವಿಲ್ಟ್‌ಶೈರ್‌ನಲ್ಲಿ ಏವನ್ ನದಿ ಕಾಯುತ್ತಿದ್ದವರು. ಅವರ ಫೆಸೆಂಟ್ ಟೈಲ್ ನಿಂಫ್ ಅನ್ನುವ ಫ್ಲೈಗೆ ದಾರವೇ ಇಲ್ಲ, ಕೂದಲಷ್ಟು ಸಣ್ಣ ತಾಮ್ರದ ತಂತಿ ಮತ್ತು ಫೆಸೆಂಟ್ ಬಾಲದ ಗರಿಯ ಎಳೆ ಮಾತ್ರ. ತಂತಿ ಬೆರಳಿಗೆ ತಿಳಿಯುತ್ತದೆ, ಕಣ್ಣು ಅಷ್ಟು ಬೇಕಾಗುವುದಿಲ್ಲ. ಕಿಲ್ಲರ್ ಬಗ್ ಅನ್ನುವ ಅವರ ಇನ್ನೊಂದು ಫ್ಲೈಗೆ ಚಾಡ್ವಿಕ್ಸ್ 477 ಅನ್ನುವ ಉಣ್ಣೆ ದಾರ ಬೇಕು. ಅದು ಈಗ ತಯಾರಾಗುವುದಿಲ್ಲ. ಅದನ್ನು ಸುತ್ತಿದ ಒಂದು ಹಳೇ ಕಾರ್ಡ್‌ಗೆ ಎಷ್ಟು ಕೊಟ್ಟೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ.

ಒಂದು ಕೇಳಬೇಕಿತ್ತು. ಸಾಲ್ಮನ್ ಮೀನಿನ ಫ್ಲೈ ಕಟ್ಟುವ ಆಸೆ ಇದೆ. ಮಲೆನಾಡಿನವರು ಯಾರಾದರೂ ಕಾಡುಕೋಳಿಯ ಕುತ್ತಿಗೆ ಗರಿ ಕಳಿಸಬಹುದಾ?

ಸಕಲೇಶಪುರದಿಂದ:
ಇದನ್ನು ಕೇಳಬೇಡಿ. ನಮ್ಮ ತೋಟದ ಅಂಚಿಗೆ ಬೆಳಗ್ಗೆ ಬರುವ ಕಾಡುಕೋಳಿ ಅದು. ಆ ಬಿಳಿ-ಹಳದಿ ಚುಕ್ಕೆ ಗರಿಗಾಗಿ ಒಂದು ಕಾಲದಲ್ಲಿ ಲೆಕ್ಕವಿಲ್ಲದಷ್ಟು ಹುಂಜಗಳನ್ನು ಕೊಂದು ನಿಮ್ಮ ಕಡೆಗೇ ಸಾಗಿಸಿದರು. 1972ರ ವನ್ಯಜೀವಿ ಕಾಯ್ದೆ ಇರುವುದು ಸುಮ್ನೆ ಅಲ್ಲ. ಬಿದ್ದ ನವಿಲುಗರಿಯನ್ನೂ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಇಂಗ್ಲೆಂಡಿನಲ್ಲೇ ಈ ಕೋಳಿ ಸಾಕಿ ಗರಿ ಮಾರುವವರಿದ್ದಾರೆ, ದುಡ್ಡು ಕೊಟ್ಟು ತಗೊಳ್ಳಿ.

ರೆಡಿಂಗ್‌ನಿಂದ:
ಉದುರಿದ ಗರಿ ಅಂದುಕೊಂಡು ಕೇಳಿದೆ. ತಪ್ಪಾಯಿತು. ಆದರೆ ಕಳ್ಳಬೇಟೆಯವನ ಜೊತೆ ಮಾತಾಡಿದ ಹಾಗೆ ಮಾತಾಡಬೇಕಿರಲಿಲ್ಲ.

ಬೆಂಗಳೂರಿನಿಂದ:
ನೀವೆಲ್ಲ ಅಂಗಡಿ ಇರುವ ಊರಲ್ಲಿದ್ದೀರಿ. ನಾನು ಬಿಳಿ ಮೀನಿಗಾಗಿ, ಅಂದರೆ ಮಹಸೀರ್‌ಗಾಗಿ, ಕಟ್ಟಲು ಕಲಿತವನು. ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆ ಕಡೆ ಗಾಳ ಹಾಕುವುದು ನಿಂತ ಮೇಲೆ ಯಾರಿಗಾಗಿ ಕಟ್ಟಬೇಕು ಅನ್ನಿಸಿಬಿಟ್ಟಿತ್ತು. ಹೊರದೇಶದಿಂದ ತರಿಸಿದ ಬಕ್‌ಟೇಲ್ (ಜಿಂಕೆ ಬಾಲದ ಕೂದಲು) ದಾರಿಯಲ್ಲೇ ಎರಡು ತಿಂಗಳು ಕೂತಿತ್ತು. 1,900 ರೂಪಾಯಿಯ ಮಾಲಿಗೆ ಕೈಯಿಂದ ಮತ್ತೆ 1,150 ಬಿತ್ತು. ಸಿಟ್ಟಿಗೆ ಮಾಂಸದಂಗಡಿಯಿಂದ ಆಡಿನ ಬಾಲ ತಂದೆ. ಮೊದಲ ಸಲ ಸರಿಯಾಗಿ ತೊಳೆಯಲಿಲ್ಲ, ಮನೆಯೆಲ್ಲ ನಾತ. ಎರಡನೇ ಸಲ ಬಿಸಿನೀರು, ಸೋಪು, ಆಮೇಲೆ ಬೊರಾಕ್ಸ್‌ನಲ್ಲಿ ವಾರ ಒಣಗಿಸಿದೆ. ಅದೇ ಕೂದಲಲ್ಲಿ ಕ್ಲೌಸರ್ ಮಿನ್ನೋ ಅನ್ನುವ, ಮರಿಮೀನಿನಂಥ ಫ್ಲೈ ಕಟ್ಟಿ ಊರಿನ ಕೆರೆಯಲ್ಲಿ ಮುರೆಲ್ ಮೀನು ಹಿಡಿದೆ. ಅಂದಿನಿಂದ ನಿಂತಿಲ್ಲ. ಪೆನ್ಸಿಲ್ವೇನಿಯಾದವರೇ, ಕ್ಲೌಸರ್ ನಿಮ್ಮ ಸಸ್ಕ್ವೆಹಾನಾ ನದಿಯಲ್ಲೇ ಹುಟ್ಟಿದ್ದು. ಒಂದು ಕಟ್ಟಿ ನೋಡಿ. ಗರಿಯ ಡಬ್ಬಿಗೆ ಒಣ ಬೇವಿನ ಸೊಪ್ಪು ಹಾಕಿಡಿ, ಫ್ರೀಜರ್ ಎಲ್ಲ ಬೇಕಾಗಿಲ್ಲ.

ಡೆನ್ವರ್‌ನಿಂದ:
ಬೇವು ಹಾಕಿದ್ದೆ! ಅಮ್ಮ ಊರಿಂದ ಕಳಿಸಿದ್ದು, ಆ ಡಬ್ಬಿಯಲ್ಲೇ ಇತ್ತು. ಒಳಗೆ ಮೊಟ್ಟೆ ಸೇರಿಕೊಂಡ ಮೇಲೆ ಸೊಪ್ಪು ಏನು ಮಾಡುತ್ತದೆ? ದಯವಿಟ್ಟು ಈ ಸಲಹೆ ಕೊಡಬೇಡಿ.

ಬೆಂಗಳೂರಿನಿಂದ:
ಆರು ವರ್ಷದಿಂದ ನನ್ನ ಡಬ್ಬಿಗೆ ಏನೂ ಆಗಿಲ್ಲ. ನನಗೆ ಆದದ್ದನ್ನು ನಾನು ಹೇಳಬಾರದಾ?

ಡೆನ್ವರ್‌ನಿಂದ:
ಹೇಳಿ. ಆದರೆ ಫ್ರೀಜರ್ ಬೇಡ ಅನ್ನಬೇಡಿ. ಅದನ್ನು ನಂಬಿ ಇನ್ನೊಬ್ಬರ ಕೇಪ್ ಹೋಗುತ್ತದೆ.

ಕೇಳಿದವರು, ಸ್ಟೇಟ್ ಕಾಲೇಜ್:
ಇದನ್ನೆಲ್ಲ ಓದಿ ಈಗಷ್ಟೇ ಕೆಳಗೆ ಹೋಗಿ ಡಬ್ಬಿ ತೆಗೆದೆ. ಸಲ್ಫರ್‌ಗೆ ಅಂತ ಇಟ್ಟಿದ್ದ ಕ್ರೀಮ್ ಬಣ್ಣದ ಕೇಪ್‌ನ ಬುಡದಲ್ಲಿ ಪುಡಿ ಇದೆ. ಹುಳು ಕಾಣಲಿಲ್ಲ. ಹತ್ತು-ಹದಿನೈದು ಗರಿ ಮಾತ್ರ ಉದುರಿವೆ. ಕೇಪನ್ನು ಫ್ರೀಜರ್‌ಗೆ ಹಾಕಿದ್ದೇನೆ. ಉದುರಿದ ಗರಿಗಳಲ್ಲಿ ಸರಿಯಿರುವ ನಾಲ್ಕನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಅವನ್ನು ಇವತ್ತೇ ಕಟ್ಟಬಹುದಾ, ಅಥವಾ ಅವೂ ಎರಡು ವಾರ ಕಾಯಬೇಕಾ?