ಕಂಟ್ರೋಲ್-ಎಫ್ ಒತ್ತಿದರೆ ಅರ್ಧ ಪದಗಳೇ ಸಿಗುತ್ತಿಲ್ಲ, ಸ್ವಂತ ಸರ್ಚ್ ಬರೆಯಬೇಕಾ?

ಸಾಲುಗಳ್ಳ:
ಉದ್ದುದ್ದ ಡಾಕ್ಯುಮೆಂಟ್ ತೋರಿಸುವ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಆ್ಯಪ್ ಇದು. ವೇಗಕ್ಕೆಂದು ವರ್ಚುವಲ್ ಲಿಸ್ಟ್ ಹಾಕಿದ್ದೇವೆ, ಹಾಗಾಗಿ ಪರದೆಯ ಆಸುಪಾಸಿನ ಸಾಲುಗಳು ಮಾತ್ರ ಡಾಮ್‌ನಲ್ಲಿ (ಬ್ರೌಸರ್ ಇಟ್ಟುಕೊಳ್ಳುವ ಪುಟದ ರಚನೆ) ಇರುತ್ತವೆ, ಉಳಿದದ್ದು ಬ್ರೌಸರ್‌ಗೆ ಕಾಣುವುದೇ ಇಲ್ಲ. ನಮ್ಮದೇ ಸರ್ಚ್ ಬಾರ್ ಮಾಡಿ, ಸಿಕ್ಕ ಪದಕ್ಕೆ ಮಾರ್ಕ್ ಟ್ಯಾಗ್ ಸುತ್ತಿ ಹಳದಿ ಮಾಡುತ್ತಿದ್ದೇನೆ. ಆ ಸಾಲು ಮತ್ತೆ ರೆಂಡರ್ ಆದ ಕೂಡಲೇ ರಿಮೂವ್‌ಚೈಲ್ಡ್ ಎರರ್ ಬಂದು ಪುಟ ಬೆಳ್ಳಗಾಗುತ್ತದೆ. ಏನು ಮಾಡಲಿ?

ಹಳೇಬ್ರೌಸರ್:
ರಿಯಾಕ್ಟ್ ಇಟ್ಟ ಟೆಕ್ಸ್ಟ್ ನೋಡನ್ನು (ಡಾಮ್‌ನಲ್ಲಿ ಅಕ್ಷರಗಳಿರುವ ತುಣುಕು) ನೀವು ಎತ್ತಿ ಮಾರ್ಕ್ ಒಳಗೆ ತುರುಕಿದ್ದೀರಿ. ರಿಯಾಕ್ಟ್ ಅದನ್ನು ಹಳೇ ಜಾಗದಲ್ಲಿ ಹುಡುಕುತ್ತದೆ, ಸಿಗದಿದ್ದರೆ ಬೀಳುತ್ತದೆ, ಅಷ್ಟೇ. ಡಾಮ್ ಮುಟ್ಟಬೇಡಿ. ಕಸ್ಟಮ್ ಹೈಲೈಟ್ ಎಪಿಐ ಬಳಸಿ: ರೇಂಜ್‌ಗಳನ್ನು (ಎಲ್ಲಿಂದ ಎಲ್ಲಿಯವರೆಗೆ ಎಂಬ ಗುರುತು) ಮಾಡಿ ಸಿಎಸ್‌ಎಸ್ ಹೈಲೈಟ್ಸ್‌ಗೆ ಸೇರಿಸಿ, ಸಿಎಸ್‌ಎಸ್‌ನ ::highlight() ನಿಯಮದಲ್ಲಿ ಬಣ್ಣ ಕೊಟ್ಟರೆ ಸಾಕು, ಟ್ಯಾಗ್ ಒಂದೂ ಬೇಡ. ಕ್ರೋಮ್ 105ರಿಂದ, ಸಫಾರಿ 17.2ರಿಂದ ಇದೆ, ಫೈರ್‌ಫಾಕ್ಸ್‌ಗೆ 140ರಲ್ಲಿ ಬಂತು. ಬಣ್ಣ, ಹಿನ್ನೆಲೆ, ಅಡಿಗೆರೆ ಇಂಥದ್ದು ಮಾತ್ರ ನಡೆಯುತ್ತದೆ, ಪ್ಯಾಡಿಂಗ್ ಕೇಳಬೇಡಿ.

ಕಾಮೆಂಟ್‌ಪ್ರಿಯ:
ಅದು ಬಣ್ಣದ ಮಾತು. ಹುಡುಕುವುದು ಎಲ್ಲಿ? ವರ್ಚುವಲ್ ಲಿಸ್ಟ್ ಇದ್ದರೆ ಡಾಮ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ, ಡೇಟಾದಲ್ಲೇ ಹುಡುಕಿ. "ಯಾವ ಸಾಲು, ಎಷ್ಟನೇ ಅಕ್ಷರದಿಂದ ಎಷ್ಟರವರೆಗೆ" ಅಂತ ಪಟ್ಟಿ ಮಾಡಿಟ್ಟುಕೊಳ್ಳಿ. ಬಳಕೆದಾರ 'ಮುಂದಿನದು' ಒತ್ತಿದಾಗ ಆ ಸಾಲಿಗೆ ಸ್ಕ್ರೋಲ್ ಮಾಡಿ, ಅದು ಡಾಮ್‌ಗೆ ಬಂದ ಮೇಲಷ್ಟೇ ರೇಂಜ್ ಮಾಡಿ. ಇನ್ನೊಂದು, ಪದದ ಅರ್ಧ ಬೋಲ್ಡ್ ಇದ್ದರೆ ಅದು ಎರಡು ಟೆಕ್ಸ್ಟ್ ನೋಡ್‌ಗಳಾಗಿ ಒಡೆದಿರುತ್ತದೆ, ಒಂದೊಂದರಲ್ಲೇ ಹುಡುಕಿದರೆ ಸಿಗುವುದಿಲ್ಲ. ಟ್ರೀವಾಕರ್‌ನಲ್ಲಿ (ನೋಡ್‌ಗಳನ್ನು ಒಂದೊಂದಾಗಿ ಕೊಡುವ ಬ್ರೌಸರ್ ಸೌಲಭ್ಯ) ನಡೆದು ಎಲ್ಲವನ್ನೂ ಒಂದೇ ಸ್ಟ್ರಿಂಗ್ ಮಾಡಿ, ಪ್ರತಿ ನೋಡ್ ಎಲ್ಲಿ ಶುರುವಾಗುತ್ತದೆ ಅಂತ ಬರೆದಿಟ್ಟುಕೊಂಡರೆ ಯಾವ ಅಕ್ಷರ ಯಾವ ನೋಡ್‌ನದ್ದು ಅಂತ ಗೊತ್ತಾಗುತ್ತದೆ.

ಅನುಮಾನದ ಅಣ್ಣ:
ಸುಮ್ನೆ ಕಂಟ್ರೋಲ್-ಎಫ್ ಕಿತ್ತುಕೊಳ್ಳಬೇಡಿ ಮಾರಾಯರೇ. ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು ಬರಿಸುವುದು ಬೇರೆ ಇಲ್ಲ. ಕಿತ್ತುಕೊಳ್ಳಲೇಬೇಕು ಅಂದರೆ, ನಿಮ್ಮ ಬಾರ್ ತೆರೆದಿರುವಾಗ ಮತ್ತೊಮ್ಮೆ ಒತ್ತಿದರೆ ಬ್ರೌಸರ್‌ನದ್ದೇ ತೆರೆಯಲಿ. ಸಾಲುಗಳು ಕೆಲವೇ ಸಾವಿರ ಇದ್ದರೆ ವರ್ಚುವಲ್ ಲಿಸ್ಟ್ ಬೇಕಾ ಅಂತಲೇ ಯೋಚಿಸಿ. ಸಿಎಸ್‌ಎಸ್‌ನಲ್ಲಿ ಕಂಟೆಂಟ್-ವಿಸಿಬಿಲಿಟಿ ಆಟೋ ಹಾಕಿದರೆ ಪರದೆಯ ಹೊರಗಿನದ್ದನ್ನು ಬ್ರೌಸರ್ ಚಿತ್ರಿಸುವುದಿಲ್ಲ, ಆದರೂ ಹುಡುಕಿದರೆ ಸಿಗುತ್ತದೆ. ಆಗ ನೀವು ಏನೂ ಬರೆಯಬೇಕಿಲ್ಲ ಅಲ್ವಾ?

ಸಾಲುಗಳ್ಳ:
ಲಕ್ಷಗಟ್ಟಲೆ ಸಾಲು ಇವೆ, ಹಾಗಾಗಿ ಡೇಟಾದಲ್ಲೇ ಹುಡುಕುತ್ತೇನೆ. ಆದರೆ 'ಕೊಡೆ' ಅಂತ ಹುಡುಕಿದರೆ ಕೆಲವು ಕಡೆ ಕಣ್ಣಿಗೆ ಕಾಣುವ ಪದವೇ ತಪ್ಪಿಹೋಗುತ್ತಿದೆ.

ಕಾಮೆಂಟ್‌ಪ್ರಿಯ:
'ಕೊ'ದ ಸ್ವರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಎರಡು ಕೋಡ್ ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಎರಡೂ ಕಡೆ ಎನ್‌ಎಫ್‌ಸಿ ನಾರ್ಮಲೈಸ್ (ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದೇ ರೂಪಕ್ಕೆ ತರುವುದು) ಮಾಡಿ, ಹೋಲಿಸುವಾಗ ಕಣ್ಣಿಗೆ ಕಾಣದ ಜೋಡಕಗಳನ್ನು (ಝಡ್‌ಡಬ್ಲ್ಯೂಜೆ, ಝಡ್‌ಡಬ್ಲ್ಯೂಎನ್‌ಜೆ ಎಂಬ ಕೋಡ್‌ಗಳು) ತೆಗೆಯಿರಿ. ಇದರಿಂದ ಸ್ಟ್ರಿಂಗ್‌ನ ಉದ್ದ ಬದಲಾಗುತ್ತದೆ, ಹಾಗಾಗಿ ಹೊಸ ಸ್ಥಾನದಿಂದ ಹಳೇ ಸ್ಥಾನಕ್ಕೆ ಒಂದು ನಕ್ಷೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಳದಿ ಒಂದಕ್ಷರ ಆಚೆ ಹೋಗಿ ಕೂರುತ್ತದೆ.