ಪದಚರ್ಚೆ: ಕಡಲಾಮೆಗೆ 'ಪುನರ್ವಸತಿ' ಅನ್ನಬಹುದೆ?

ಪ್ರಶ್ನೆ (ಕೊಪ್ಪಳದಿಂದ)

ಬಳಗದ ಎಲ್ಲರಿಗೂ ನಮಸ್ಕಾರ. ಗಾಯಗೊಂಡ ಕಡಲ ಪ್ರಾಣಿಗಳನ್ನು ತಂದು, ಔಷಧೋಪಚಾರ ಮಾಡಿ, ಮತ್ತೆ ಕಡಲಿಗೆ ಬಿಡುವ ಅಮೆರಿಕದ ಒಂದೆರಡು ಅಕ್ವೇರಿಯಂಗಳ ಒಂದು ವರ್ಷದ ಕೆಲಸವನ್ನು ಹೈಸ್ಕೂಲ್ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯಬೇಕಾಗಿದೆ. ಓದುವವರು ಗಂಗಾವತಿ, ಕಾರಟಗಿ, ಕಂಪ್ಲಿ ಕಡೆಯ ಮಕ್ಕಳು. ಹೊಳೆ ಗೊತ್ತು, ಕಾಲುವೆ ಗೊತ್ತು, ಕಡಲು ಕಂಡವರು ಕಡಿಮೆ.

ತೊಡಕಿರುವುದು ಪದಗಳಲ್ಲಿ. ರಿಹ್ಯಾಬಿಲಿಟೇಶನ್ ಎಂಬುದಕ್ಕೆ ಎಲ್ಲ ಕಡೆ 'ಪುನರ್ವಸತಿ' ಸಿಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೇ ಮುಳುಗಿದ ಜಿಲ್ಲೆ ನಮ್ಮದು. ಇಲ್ಲಿ ಆ ಪದಕ್ಕೆ ಸೈಟು, ಮನೆ, ಪರಿಹಾರ ಇವೇ ಅರ್ಥ. 'ಆಮೆಗಳ ಪುನರ್ವಸತಿ ಕೇಂದ್ರ' ಎಂದು ಬರೆದರೆ ಆಮೆಗೂ ಹಕ್ಕುಪತ್ರ ಕೊಟ್ಟರೇನು ಎಂದು ಕೇಳುವವರು ಇದ್ದಾರೆ.

ಇದಲ್ಲದೆ ಕೋಲ್ಡ್ ಸ್ಟನಿಂಗ್, ಸ್ಟ್ರ್ಯಾಂಡಿಂಗ್, ಸರೊಗೇಟ್, ರಿಲೀಸ್, ಬ್ರ್ಯಾಕಿಶ್ ವಾಟರ್ ಇವಕ್ಕೂ ಪದ ಬೇಕು. ಹೊಸದಾಗಿ ಟಂಕಿಸಿದ ಸಂಸ್ಕೃತ ಸಮಾಸಗಳು ಬೇಡ. ಜನರ ಬಾಯಲ್ಲಿರುವುದು ಸಿಕ್ಕರೆ ಒಳ್ಳೆಯದು.

ಉತ್ತರ (ರಾಯಚೂರಿನಿಂದ)

ಮೇಡಂ, ಪುನರ್ವಸತಿಯನ್ನು ಕೈಬಿಡಿ. 'ವಸತಿ' ಇರುವ ತನಕ ಓದುವವರಿಗೆ ಮನೆಯೇ ಕಾಣುತ್ತದೆ. 'ಪುನಶ್ಚೇತನ'ವೂ ಬೇಡ. ಹೂಳು ತುಂಬಿದ ಕೆರೆಗೂ ಅದೇ, ಮುಚ್ಚಿದ ಕಾರ್ಖಾನೆಗೂ ಅದೇ, ಶಿಕ್ಷಕರ ಶಿಬಿರಕ್ಕೂ ಅದೇ. ನಾವು ಮಾಡುವುದಕ್ಕೆ 'ಆರೈಕೆ', ಪ್ರಾಣಿ ಮಾಡುವುದಕ್ಕೆ 'ಚೇತರಿಸಿಕೊಳ್ಳು' ಎಂದಿಟ್ಟುಕೊಳ್ಳಿ. ನಮ್ಮ ಕಡೆಯ ಮಾತಿನಲ್ಲಿ 'ಜ್ವಾಪಾನ ಮಾಡು' ಇದೆ, ಸೊಗಸಾದ ಮಾತು. ಆದರೆ ಅದರಲ್ಲಿ ಹತ್ತಿರವೇ ಇಟ್ಟುಕೊಂಡು ಸಾಕುವ ಅರ್ಥ ಮುಂದಾಗಿರುತ್ತದೆ. ಅಕ್ವೇರಿಯಂನವರ ಗುರಿ ಬಿಟ್ಟು ಕಳಿಸುವುದು.

ಕೋಲ್ಡ್ ಸ್ಟನಿಂಗ್‌ಗೆ ಪದ ಆರಿಸುವ ಮುಂಚೆ ಅಲ್ಲಿ ಏನಾಗುತ್ತದೆಂದು ನೋಡಬೇಕು. ಕಡಲಾಮೆಯ ಮೈಯ ಬಿಸಿ ಸುತ್ತಲಿನ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಕೊಲ್ಲಿ ಕೊಕ್ಕೆಯ ಆಕಾರದ ನೆಲದ ನಡುವೆ ಇದೆ. ಬೇಸಿಗೆಯಲ್ಲಿ ಮೇಯಲು ಬಂದ ಎಳೆಯ ಕೆಂಪ್ಸ್ ರಿಡ್ಲೆ ಆಮೆಗಳು ಚಳಿಗಾಲಕ್ಕೆ ತೆಂಕಣಕ್ಕೆ ಹೊರಟಾಗ ಆ ಕೊಕ್ಕೆಯೊಳಗೆ ಸಿಕ್ಕಿಕೊಳ್ಳುತ್ತವೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕೈಕಾಲು ಆಡುವುದಿಲ್ಲ, ಮುಳುಗಲು ಆಗುವುದಿಲ್ಲ. ಸುಮ್ಮನೆ ತೇಲುತ್ತವೆ, ಗಾಳಿ ದಂಡೆಗೆ ತಳ್ಳುತ್ತದೆ. ನ್ಯೂ ಇಂಗ್ಲೆಂಡ್ ಅಕ್ವೇರಿಯಂನವರು ಕ್ವಿನ್ಸಿಯಲ್ಲಿ ನಡೆಸುವ ಕಡಲಾಮೆ ಆಸ್ಪತ್ರೆಗೆ ಪ್ರತಿ ಚಳಿಗಾಲ ಬರುವುದು ಹೆಚ್ಚಾಗಿ ಇಂಥವೇ.

ಇದನ್ನು 'ಚಳಿ ಮೂರ್ಛೆ' ಎಂದರೆ ಮುಖಕ್ಕೆ ನೀರು ಚಿಮುಕಿಸಿದರೆ ಎದ್ದೀತು ಎಂಬಂತಾಗುತ್ತದೆ. 'ಹೆಪ್ಪುಗಟ್ಟಿದ ಆಮೆ' ಎಂದರೆ ಐಸ್ ಆಗಿದೆ ಎಂದೇ ಅರ್ಥ. 'ಚಳಿಗೆ ಮರಗಟ್ಟಿದ ಆಮೆ' ಸರಿಹೋಗುತ್ತದೆ. ಜೀವ ಇದೆ, ಚಲನೆ ಇಲ್ಲ, ಕಾರಣ ಚಳಿ, ಮೂರೂ ಅದರಲ್ಲಿವೆ.

ಮುಂದಿನ ಹಂತಕ್ಕೆ 'ಬಿಸಿ ಮಾಡಿದರು' ಎಂದು ಬರೆಯಬೇಡಿ. ಬಂದ ಆಮೆಯನ್ನು ಬೆಚ್ಚನೆಯ ನೀರಿಗೆ ಹಾಕುವುದಿಲ್ಲ. ಮೊದಲು ಸುಮಾರು 13 ಡಿಗ್ರಿಯ ಕೋಣೆಯಲ್ಲಿ ಇಡುತ್ತಾರೆ; ದಿನಕ್ಕೆ 3 ಡಿಗ್ರಿ ಮೀರದಂತೆ ಏರಿಸುತ್ತ 24ರ ಸುಮಾರಿಗೆ ತರಲು ನಾಲ್ಕೈದು ದಿನ ಹಿಡಿಯುತ್ತದೆ. ಒಮ್ಮೆಲೇ ಕಾಯಿಸಿದರೆ ಮೈ ಎಚ್ಚರಗೊಂಡು ಆಮ್ಲಜನಕ ಕೇಳುತ್ತದೆ, ನಿಧಾನವಾದ ಹೃದಯ ಅಷ್ಟನ್ನು ತಲುಪಿಸಲಾರದು. ಜೊತೆಗೆ ರಕ್ತದ ಆಮ್ಲ, ಪೊಟ್ಯಾಸಿಯಂ ಏರುಪೇರಾಗಿ ಹೃದಯವೇ ನಿಲ್ಲಬಹುದು. 'ಹದವಾಗಿ ಕಾವು ಏರಿಸಿದರು' ಎಂದರೆ ವಿಷಯ ತಲುಪುತ್ತದೆ. ಕಾವು ಕೊಡುವುದು ಎಂದರೆ ಕೋಳಿ ಮೊಟ್ಟೆಯ ನೆನಪಾಗುತ್ತದೆ, ಹಾಗಾಗಿ 'ಕೊಡು' ಬೇಡ, 'ಏರಿಸು' ಇರಲಿ.

'ಸತ್ತ ಆಮೆ' ಎಂಬ ಮಾತನ್ನೂ ಜೋಕೆಯಾಗಿ ಬಳಸಿ. ಮರಗಟ್ಟಿದ ಕೆಲವು ಆಮೆಗಳಲ್ಲಿ ಹೃದಯ ನಿಮಿಷಕ್ಕೆ ಒಂದೆರಡು ಸಲ ಬಡಿದರೆ ಹೆಚ್ಚು. ಕೈಗೆ ಸಿಗುವುದಿಲ್ಲ, ಡಾಪ್ಲರ್ ಎಂಬ, ರಕ್ತದ ಓಟವನ್ನು ಸದ್ದಾಗಿ ಕೇಳಿಸುವ ಸಾಧನ ಹಚ್ಚಿ ಕೇಳಬೇಕು. ಮೈ ಬೆಚ್ಚಗಾಗಿಯೂ ಬಡಿತ ಸಿಗದಿದ್ದರೆ ಮಾತ್ರ ಸತ್ತಿದೆ ಎನ್ನುತ್ತಾರೆ. ಅಲ್ಲಿಯವರೆಗೆ 'ಸತ್ತಂತಿರುವ'. ಕಾವು ಏರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹೆಚ್ಚಿನವಕ್ಕೆ ನ್ಯುಮೋನಿಯಾ ಇರುತ್ತದೆ, ನೀರಿನಂಶ ಕಡಿಮೆಯಾಗಿರುತ್ತದೆ. ಸಲೈನ್, ಆ್ಯಂಟಿಬಯೋಟಿಕ್, ಎಕ್ಸ್‌ರೇ ಎಲ್ಲ ಬೇಕು. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ತಲೆ ಎತ್ತುವ ಶಕ್ತಿ ಇಲ್ಲದ್ದನ್ನು ತೊಟ್ಟಿಗೆ ಬಿಟ್ಟು ಹೋದರೆ ಮುಳುಗಿ ಸಾಯುತ್ತದೆ. ಅದಕ್ಕೇ ಮೊದಮೊದಲು ಕಾವಲಿನಲ್ಲಿ ಕೆಲವೇ ನಿಮಿಷ ಈಜಿಸಿ, ಹೊರಗೆ ತೆಗೆದು ಮೆತ್ತನೆಯ ಹಾಸಿನ ಮೇಲೆ ಇಡುತ್ತಾರೆ. (ತೊಟ್ಟಿ ಎಂದಿದ್ದೇನೆ. ನಮ್ಮ ಮಕ್ಕಳಿಗೆ 'ಹೌದ' ಇನ್ನೂ ಹತ್ತಿರ, ಆದರೆ ಬರಹದಲ್ಲಿ ಅದನ್ನು 'ಹೌದು' ಎಂದು ಓದಿಕೊಳ್ಳುತ್ತಾರೆ.)

ಸ್ಟ್ರ್ಯಾಂಡಿಂಗ್‌ಗೆ ಕೆಲವರು 'ದಡ ಸೇರಿದ' ಎಂದು ಬರೆದದ್ದನ್ನು ಕಂಡಿದ್ದೇನೆ. ಕನ್ನಡದಲ್ಲಿ ದಡ ಸೇರುವುದು ಗೆದ್ದವರ ಮಾತು. ಕಷ್ಟ ಕಳೆಯಿತು ಎಂದರ್ಥ. ಇಲ್ಲಿ ಕಷ್ಟ ಶುರುವಾಗುವುದೇ ದಡದಲ್ಲಿ. 'ದಂಡೆಗೆ ಬಿದ್ದ' ಎಂದರೆ ಸಾಕು.

ಉತ್ತರ (ಬಳ್ಳಾರಿಯಿಂದ)

ರಾಯಚೂರಿನವರ ಮಾತಿಗೆ ಬಹುತೇಕ ಒಪ್ಪಿಗೆ. ನನ್ನ ತಕರಾರು 'ರಕ್ಷಣೆ'ಯ ಬಗ್ಗೆ, ಅದನ್ನು ಅವರು ಮುಟ್ಟಲಿಲ್ಲ. ಕೃಷ್ಣೆಯ ದಂಡೆಯ ಹೊಲಕ್ಕೆ ಮೊಸಳೆ ಬಂದರೆ ಒಂದು ಪತ್ರಿಕೆ 'ಮೊಸಳೆ ಸೆರೆ' ಎನ್ನುತ್ತದೆ, ಇನ್ನೊಂದು 'ಮೊಸಳೆ ರಕ್ಷಣೆ' ಎನ್ನುತ್ತದೆ. ನಡೆದದ್ದು ಒಂದೇ: ಹಗ್ಗ ಹಾಕಿ ಹಿಡಿದು ಬೇರೆ ಕಡೆ ಬಿಟ್ಟದ್ದು. ಆರೋಗ್ಯವಾಗಿದ್ದ ಪ್ರಾಣಿಯನ್ನು ಜಾಗ ಬದಲಿಸಿದರೆ 'ಹಿಡಿದು ಸಾಗಿಸಿದರು' ಎನ್ನಿ. ಸಾಯುವ ಸ್ಥಿತಿಯಲ್ಲಿದ್ದದ್ದನ್ನು ಎತ್ತಿ ತಂದರೆ ಮಾತ್ರ 'ರಕ್ಷಿಸಿದರು'. ವರ್ಷದ ಲೆಕ್ಕ ಬರೆಯುವಾಗ ಇವೆರಡನ್ನು ಕಲಸಿದರೆ ಅಂಕಿಯೇ ಸುಳ್ಳಾಗುತ್ತದೆ.

'ಬಿಡುಗಡೆ'ಯೂ ಬೇಡ. ಜೈಲು, ಸಿನಿಮಾ, ಅನುದಾನ, ಕಾಲುವೆ ನೀರು ಇವು ಬಿಡುಗಡೆಯಾಗಲಿ. ಆಮೆಯನ್ನು 'ಕಡಲಿಗೆ ಬಿಟ್ಟರು'.

ಸರೊಗೇಟ್ ಎಂದ ಕೂಡಲೇ 'ಬಾಡಿಗೆ ತಾಯಿ' ಬರೆದೀರಿ, ಪೂರಾ ತಪ್ಪು. ಕ್ಯಾಲಿಫೋರ್ನಿಯದ ಮಾಂಟೆರೇ ಬೇ ಅಕ್ವೇರಿಯಂನಲ್ಲಿ ಕಡಲಿಗೆ ಮರಳಿ ಬಿಡಲಾಗದ ಹೆಣ್ಣು ಕಡಲ ನೀರುನಾಯಿಗಳ ಮಡಿಲಿಗೆ ತಬ್ಬಲಿ ಮರಿಗಳನ್ನು ಹಾಕುತ್ತಾರೆ. ಅವು ಹೆತ್ತದ್ದಲ್ಲ, ಸಾಕಿದ್ದು. ಕನ್ನಡದಲ್ಲಿ 'ಸಾಕುತಾಯಿ' ಎಂಬ ಪದ ಮೊದಲಿಂದಲೂ ಇದೆ. ಮರಿಗೆ ಹಾಲು ಕುಡಿಸುವ ಸಿಬ್ಬಂದಿ ಮೈತುಂಬ ಕಪ್ಪು ಗವುಸು, ಮುಖಕ್ಕೆ ವೆಲ್ಡಿಂಗ್ ಮಾಡುವವರ ಮುಸುಕು ಹಾಕಿಕೊಳ್ಳುತ್ತಾರೆ. ಮನುಷ್ಯರ ಮುಖ ಗುರುತಾಗಿ ಸಲಿಗೆ ಬೆಳೆದರೆ, ಬಿಟ್ಟ ಮೇಲೂ ಅದು ದೋಣಿ ಹುಡುಕಿಕೊಂಡು ಬರುತ್ತದೆ. ಮತ್ತೆ ಹಿಡಿದು ತರಬೇಕಾಗುತ್ತದೆ. ಇಲ್ಲಿ 'ಪಳಗು' ಬೇಡ, ಅದು ಬೇಕೆಂದು ಕಲಿಸಿದ್ದು. 'ಸಲಿಗೆ ಹತ್ತು' ಸರಿ.

ನೀರುನಾಯಿ ಎಂಬ ಪದಕ್ಕೆ ನಿಮ್ಮ ಮಕ್ಕಳಿಗೆ ವಿವರಣೆ ಬೇಕಿಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಆದರೆ ಒಂದು ವಾಕ್ಯ ಸೇರಿಸಿ: ನಮ್ಮ ಹೊಳೆಯದು ದಂಡೆಯಲ್ಲಿ ಬಿಲ ಮಾಡಿ ಮರಿ ಹಾಕುತ್ತದೆ, ಕಡಲಿನದು ನೀರಿನ ಮೇಲೆಯೇ ಅಂಗಾತ ಮಲಗಿ ಮರಿಯನ್ನು ಎದೆಯ ಮೇಲಿಟ್ಟುಕೊಳ್ಳುತ್ತದೆ. ಸೀಲ್ ಎಂಬ ಬೇರೆ ಕಡಲ ಪ್ರಾಣಿಗೂ ನೀರುನಾಯಿ ಎಂದು ಬರೆಯುವವರಿದ್ದಾರೆ. ಅದನ್ನು ಸೀಲ್ ಎಂದೇ ಬಿಡಿ.

ಬ್ರ್ಯಾಕಿಶ್ ನೀರಿಗೆ ಸಿಂಧನೂರು, ಕಾರಟಗಿ ರೈತರ ಬಾಯಲ್ಲೇ ಪದ ಇದೆ: ಸವಳು ನೀರು. 'ಸವಳು ಜವಳು' ಎಂದು ಜೋಡಿಯಾಗಿ ಹೇಳುವವರಿಗೆ ಅದರ ರುಚಿಯೂ ಗೊತ್ತು, ಭತ್ತಕ್ಕೆ ಅದು ಮಾಡುವ ಹಾನಿಯೂ ಗೊತ್ತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಸವಳು ನೀರಿನಲ್ಲಿ ಅದಕ್ಕಿಂತ ಕಡಿಮೆ ಎಂದು ಒಂದು ಸಾಲು ಹಾಕಿ. ಸೊರಗಿದ ಕಡಲಾಮೆಯನ್ನು ಒಂದೆರಡು ದಿನ ಸಿಹಿನೀರಿನಲ್ಲಿ ಇಡುವುದುಂಟು. ಚಿಪ್ಪಿಗೆ ಅಂಟಿದ ಬಾರ್ನಕಲ್ ಎಂಬ ಸಣ್ಣ ಕಡಲ ಜೀವಿಗಳು, ಪಾಚಿ ಉಪ್ಪಿಲ್ಲದೆ ಸಾಯುತ್ತವೆ, ಆಮೆಗೂ ನೀರು ಸಿಗುತ್ತದೆ. ಇಲ್ಲಿ 'ಸಿಹಿನೀರು' ಎಂದರೆ ಸಕ್ಕರೆ ನೀರಲ್ಲ ಎಂದು ನಮ್ಮ ಕಡೆ ಯಾರಿಗೂ ಹೇಳಬೇಕಿಲ್ಲ.

ಪ್ರಾಣಿಗಳ ತಿನಿಸಿನ ಸಾಲು ಬಂದರೆ ಸ್ಕ್ವಿಡ್ ಎಂಬ ಕಡಲ ಜೀವಿಗೆ ಕರಾವಳಿಯವರ 'ಬೊಂಡಾಸ್' ಇದೆ, ಆದರೆ ಕೊಪ್ಪಳದಲ್ಲಿ ಎರಡೂ ಅಷ್ಟೇ ಅಪರಿಚಿತ. ಚಿತ್ರ ಹಾಕಿ.

ಮರುಪ್ರಶ್ನೆ (ಕೊಪ್ಪಳದಿಂದ)

ಇಬ್ಬರಿಗೂ ಶರಣು. ಸಾರ್ವಜನಿಕರಿಗೆ ಕೊಡುವ ಸೂಚನೆಗಳ ಪುಟವೂ ಇದೆ. ಅಲ್ಲಿಯ ಜನರಿಗೆ ಹೇಳುವುದು ಹೀಗೆ: ದಂಡೆಯಲ್ಲಿ ಆಮೆ ಕಂಡರೆ ಉಬ್ಬರದ ಗೆರೆಯ ಮೇಲಕ್ಕೆ ಎತ್ತಿಡಿ, ಒಣಗಿದ ಕಡಲಕಳೆ ಮುಚ್ಚಿ, ಜಾಗಕ್ಕೆ ಗುರುತು ಮಾಡಿ, ಸಹಾಯವಾಣಿಗೆ ಫೋನ್ ಮಾಡಿ, ನೀರಿಗೆ ಮರಳಿ ತಳ್ಳಬೇಡಿ. ಇದನ್ನೇ ಬರೆದರೆ ನಮ್ಮ ಮಕ್ಕಳು ಹೊಲದಲ್ಲಿ ಸಿಕ್ಕ ಆಮೆಗೂ ಹೀಗೆ ಮಾಡುತ್ತಾರೇನೋ. ಜೊತೆಗೆ 'ಆಮೆಗೆ ಚಿಪ್ ಹಾಕಿದರು' ಎಂಬ ಸಾಲು ಓದಿ ಒಬ್ಬ ಹುಡುಗ ಚಿಪ್ಪು ಮೊದಲೇ ಇತ್ತಲ್ಲ ಎಂದ.

ಉತ್ತರ (ರಾಯಚೂರಿನಿಂದ)

ಕನ್ನಡದ 'ಆಮೆ' ಮೂರು ಬಗೆಯವನ್ನೂ ನುಂಗಿಕೊಂಡಿದೆ, ತೊಡಕು ಅಲ್ಲಿದೆ. ಕಡಲಾಮೆ, ನೀರಾಮೆ, ನೆಲಾಮೆ ಎಂದು ಮೊದಲ ಪುಟದಲ್ಲೇ ಒಡೆದು ಹೇಳಿ. ಕಾಲು ದೋಣಿಯ ಹುಟ್ಟಿನಂತಿದ್ದರೆ ಕಡಲಾಮೆ. ಬೆರಳ ನಡುವೆ ತೊಗಲಿದ್ದರೆ ನೀರಾಮೆ. ಕಾಲು ದಪ್ಪ ಕಂಬದಂತಿದ್ದರೆ ನೆಲಾಮೆ. ನಮ್ಮಲ್ಲಿ ಹೆಚ್ಚಾಗಿ ಕೆಡುವುದು ಕೊನೆಯದರಲ್ಲೇ. ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ಪುಣ್ಯ ಬರಲೆಂದು ಬಾವಿಗೋ ಪುಷ್ಕರಣಿಗೋ ಬಿಡುತ್ತಾರೆ. ಅದಕ್ಕೆ ಈಜು ಬಾರದು, ಮೆಟ್ಟಿಲು ಹತ್ತಲಾಗದು, ಸಾಯುತ್ತದೆ. ಅಲ್ಲಿಯ ಸೂಚನೆಗೆ 'ಕಡಲಾಮೆ ಕಂಡರೆ' ಎಂದೇ ತಲೆಬರಹ ಕೊಟ್ಟು, ಪಕ್ಕದಲ್ಲಿ 'ನೆಲಾಮೆ ಕಂಡರೆ ಮುಟ್ಟದೆ ಬಿಡಿ. ಗಾಯವಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ' ಎಂದು ಬೇರೆ ಚೌಕ ಹಾಕಿ. 1972ರ ವನ್ಯಜೀವಿ ಕಾಯ್ದೆಯಡಿ ನಕ್ಷತ್ರ ಆಮೆಯನ್ನು ಮನೆಗೆ ತಂದಿಟ್ಟುಕೊಳ್ಳುವುದು ಅಪರಾಧ, ಅದನ್ನೂ ಸೇರಿಸಿ.

ಇನ್ನು ಚಿಪ್ಪು, ಚಿಪ್. ಹುಡುಗ ಕೇಳಿದ್ದು ಸರಿಯಾಗಿದೆ. 'ಮೈಕ್ರೋಚಿಪ್' ಎಂದು ಪೂರ್ತಿ ಬರೆಯಿರಿ, ಅಕ್ಕಿಕಾಳಿನಷ್ಟು ದೊಡ್ಡದು, ಸೂಜಿಯಿಂದ ಭುಜದ ಬಳಿ ತೊಗಲಿನೊಳಕ್ಕೆ ಇಳಿಸುತ್ತಾರೆ ಎಂದು ಸೇರಿಸಿ. ಈಜುಕಾಲಿಗೆ ಚುಚ್ಚುವ ಲೋಹದ ಪಟ್ಟಿಗೆ 'ಬಿಲ್ಲೆ' ಸಾಕು. ದನದ ಕಿವಿಗೆ ಹಾಕುವ ಬಿಲ್ಲೆಯನ್ನು ನೋಡದ ಮಕ್ಕಳು ನಿಮ್ಮ ಕ್ಲಾಸಿನಲ್ಲಿ ಇರಲಾರರು.