ಜೈಲಲ್ಲಿರುವ ತಮ್ಮನಿಗೆ ಜೂಜಿನ ಚಟ: ದುಡ್ಡು ಕಳಿಸಲಾ, ಬೇಡವಾ?

ಸಾಗರದ ಕಡೆಯ ಅಕ್ಕ ಕೇಳಿದ್ದು:

ತಮ್ಮನಿಗೆ ಮೊದಲಿಂದಲೂ ಓಸಿ ಹುಚ್ಚು, ಅದೇ ಅಂಕಿಗೆ ದುಡ್ಡು ಕಟ್ಟುವ ಮಟ್ಕಾ ಜೂಜು. ಸಾಲ ಏರಿತು. ಯಾರದೋ ಅಂಗಳದ ಅಡಿಕೆ ಮೂಟೆ ಕದ್ದು ಒಳಗೆ ಹೋದ. ಎಂಟು ತಿಂಗಳಾಯ್ತು. ಅಲ್ಲಾದರೂ ಚಟ ಬಿಡುತ್ತಾನೆ ಅಂದುಕೊಂಡಿದ್ದೆವು. ಈಗ ಅಲ್ಲೂ ಆಡುತ್ತಿದ್ದಾನಂತೆ. ಹೋದಾಗೆಲ್ಲ ದುಡ್ಡು ಕೇಳುತ್ತಾನೆ. ಅಮ್ಮ ಓಲೆ ಅಡ ಇಟ್ಟು ಕೊಟ್ಟಿದ್ದಾರೆ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಹೊಸನಗರದಿಂದ ಒಬ್ಬರು:

ಅಕ್ಕಾ, ನಾನೂ ಒಳಗಿದ್ದು ಬಂದವನು. ಯಾವ ಜೈಲು ಅಂತ ಬೇಡ. ಅಲ್ಲಿ ಹೊತ್ತೇ ಹೋಗಲ್ಲ. ಸಂಜೆ ಬ್ಯಾರಕ್‌ಗೆ ಬೀಗ ಬಿದ್ದರೆ ಬೆಳಗಿನವರೆಗೆ ಅದೇ ಗೋಡೆ, ಕೇಸು ಏನಾಗುತ್ತೋ ಅನ್ನುವ ಅದೇ ಯೋಚನೆ. ಇಸ್ಪೀಟ್ ಎಲೆ ಕೈಗೆ ಬಂದರೆ ಒಂದು ಗಂಟೆ ಆ ಯೋಚನೆ ಇರಲ್ಲ. ಆ ಒಂದು ಗಂಟೆಗೋಸ್ಕರವೇ ನಾನು ಆಡಲು ಕೂತಿದ್ದು.

ಎಲೆ ಇಲ್ಲದಿದ್ದರೆ ಟಿವಿಯ ಕ್ರಿಕೆಟ್. ಮುಂದಿನ ಓವರಿಗೆ ಎಷ್ಟು ರನ್ ಅಂತ ಬಾಜಿ. ಬಿಸ್ಕತ್ತು ಪೊಟ್ಟಣ, ಸೋಪು, ಬೀಡಿ, ಏನಿದೆಯೋ ಅದನ್ನು ಕಟ್ಟುತ್ತಾರೆ. ನನ್ನ ಹತ್ತಿರ ಎಲ್ಲ ಖಾಲಿಯಾದ ಮೇಲೆ ಊಟ ಕಟ್ಟಿದೆ. ಮೂರು ವಾರ ನನ್ನ ಪಾಲಿನ ಕೋಳಿ ಸಾರು ಬೇರೆಯವನ ತಟ್ಟೆಗೆ ಹೋಯ್ತು. ಅವನೆದುರೇ ಕೂತು ಅನ್ನಕ್ಕೆ ಉಪ್ಪು ಕಲಸಿಕೊಂಡು ತಿಂದೆ. ಆಗಲೂ ತಲೆಯಲ್ಲಿ ಭಾನುವಾರದ ಮ್ಯಾಚೇ. ಹೋದದ್ದನ್ನೆಲ್ಲ ಒಂದೇ ದಿನ ವಾಪಸ್ ತಗೋಬೇಕು ಅಂತ.

ಹೊರಗಾದರೆ ಸಾಲ ಕೊಟ್ಟವನನ್ನು ಕಂಡು ಬೇರೆ ದಾರಿ ಹಿಡಿಯಬಹುದು. ಒಳಗೆ ಅವನು ಪಕ್ಕದಲ್ಲೇ ಮಲಗಿರುತ್ತಾನೆ. ಅವನ ಬಟ್ಟೆ ಒಗೆದೆ. ಒಂದು ಸಲ ಹೊಡೆತವೂ ಬಿತ್ತು. ಹಾಗಾಗಿ ನಿಮ್ಮ ತಮ್ಮ ಹೆದರಿಕೊಂಡು ಕೇಳುತ್ತಿರಲೂಬಹುದು. ಬೈಯಬೇಡಿ. "ಯಾರಿಗೆ, ಎಷ್ಟು ಕೊಡಬೇಕು?" ಅಂತ ಮೆಲ್ಲಗೆ ಕೇಳಿ. ಬೆದರಿಕೆ ಇದೆ ಅಂದರೆ ಜೈಲು ಸೂಪರಿಂಟೆಂಡೆಂಟ್ ಅವರಿಗೆ ಬರೆದು ಕೊಡಿ, ಬೇರೆ ಬ್ಯಾರಕ್‌ಗೆ ಹಾಕಿ ಅಂತ ಕೇಳಿ. ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯ್ತು.

ತೀರ್ಥಹಳ್ಳಿ ಹತ್ತಿರದ ಒಬ್ಬರು:

ನಮ್ಮನೆಯವರದ್ದೂ ಇದೇ ಪಾಡು. ಒಂದು ದಿನ ಗುರುತಿಲ್ಲದ ನಂಬರಿಂದ ಫೋನ್. "ನಿಮ್ಮ ಯಜಮಾನ್ರು ನಮ್ಮ ಹುಡುಗನಿಗೆ ಆರು ಸಾವಿರ ಕೊಡಬೇಕು, ಫೋನ್‌ಪೇ ಮಾಡಿ." ಅಡಿಕೆ ಸುಲಿದು ಕೂಡಿಟ್ಟಿದ್ದನ್ನು ಹಾಕಿದೆ. ಹದಿನೈದು ದಿನಕ್ಕೆ ಮತ್ತೆ ಫೋನ್, ಈ ಸಲ ಒಂಬತ್ತು ಸಾವಿರ. ಆಮೇಲೆ ಗೊತ್ತಾಯ್ತು. ಮನೆಯಲ್ಲಿ ನಾನು ತೀರಿಸುತ್ತೇನೆ ಅನ್ನುವ ಧೈರ್ಯದ ಮೇಲೆಯೇ ಅವರಿಗೆ ಅಲ್ಲಿ ಸಾಲ ಹುಟ್ಟುತ್ತಿತ್ತು.

ಮೇಲಿನವರು ಹೇಳಿದ ಹಾಗೆ ಜೈಲಿಗೆ ಬರೆದು ಕೊಟ್ಟೆ. ದುಡ್ಡು ನಿಲ್ಲಿಸಿದೆ. ಭೇಟಿ ಮಾತ್ರ ತಪ್ಪಿಸಲಿಲ್ಲ. ಕ್ಯಾಂಟೀನ್ ಖರ್ಚಿಗೆ ತಿಂಗಳಿಗೆ ಇಷ್ಟೇ ಅಂತ ಹೇಳಿಬಿಟ್ಟೆ. ಎರಡು ಸಲ ಅವರು ಜಾಲರಿ ಆಚೆ ಮುಖ ತಿರುಗಿಸಿಕೊಂಡು ನಿಂತಿದ್ದರು. ಮೂರನೇ ಸಲ "ಮಗ ಶಾಲೆಗೆ ಹೋಗ್ತಿದಾನಾ?" ಅಂದರು. ವಾಪಸ್ ಬರುವಾಗ ಬಸ್ಸಲ್ಲಿ ಉದ್ದಕ್ಕೂ ಅತ್ತೆ. ನಿಮ್ಮ ಅಮ್ಮನಿಗೆ ಗದರಬೇಡಿ ಅಕ್ಕಾ. ಓಲೆ ಅಡ ಇಡುವಾಗ ಅವರಿಗೆ ಬೇರೆ ದಾರಿ ಕಂಡಿರಲ್ಲ.

ಶಿವಮೊಗ್ಗದಿಂದ, ಆಪ್ತ ಸಮಾಲೋಚನೆ ಕೆಲಸ ಮಾಡುವವರು:

ಇದನ್ನು ಬರೀ ಕೆಟ್ಟ ಬುದ್ಧಿ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಜೂಜಿನ ಚಟ ಇದೆ. ಹೊರಗಿನವರಿಗಿಂತ ಕೈದಿಗಳಲ್ಲಿ ಇದು ಜಾಸ್ತಿ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಕುಡಿತವಾದರೆ ವಾಸನೆ ಬರುತ್ತದೆ. ಇದು ಹಾಗೆ ಕಾಣುವುದಿಲ್ಲ, ಹಾಗಾಗಿ ಜೈಲು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಮನೋವೈದ್ಯರಿಗೆ ತೋರಿಸಿ ಅಂತ ಕೇಳಿ. ನಿದ್ದೆ ಇಲ್ಲ, ಬದುಕೇ ಬೇಡ ಅಂತೇನಾದರೂ ಅಂದರೆ ಅದೇ ದಿನ ಹೇಳಿ. ಸುಮ್ನೆ ಅಂದಿರಬೇಕು ಅಂತ ಬಿಡಬೇಡಿ. ನಿಮಗೂ ಅಮ್ಮನಿಗೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬಿಡುಗಡೆಯಾಗುವ ವಾರ ತುಂಬಾ ಜೋಪಾನ. 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಓಸಿ ಚೀಟಿಗೆ ಆ್ಯಪ್ ಬೇಕಾ? ಕೊಯ್ಲಿನ ಹೊತ್ತಲ್ಲಿ ಹೊರಗೆ ಬಂದರೆ ಕೈಯಲ್ಲಿ ದಿನಾ ಕೂಲಿ ಓಡಾಡುತ್ತದೆ. ಮೊದಲ ಕೆಲವು ತಿಂಗಳು ಕೂಲಿ ನಿಮ್ಮ ಕೈಗೇ ಬರುವ ಹಾಗೆ ತೋಟದವರ ಹತ್ತಿರ ಮಾತಾಡಿಕೊಳ್ಳಿ, ತಮ್ಮನನ್ನೂ ಒಪ್ಪಿಸಿ. ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಆ ವಾರವೇ ಕರೆದುಕೊಂಡು ಬನ್ನಿ.

ಸಾಗರದ ಅಕ್ಕ:

ಎಲ್ಲರಿಗೂ ಕೈ ಮುಗಿದೆ. ಗುರುವಾರ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಬರೆದು ಕೊಟ್ಟಿದ್ದಕ್ಕೆ ರಸೀದಿ ಏನಾದರೂ ಕೇಳಬೇಕಾ?

ಹೊಸನಗರದವರು:

ಎರಡು ಪ್ರತಿ ಒಯ್ಯಿರಿ ಅಕ್ಕಾ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.